ಜಾಗರೂಕ ಗ್ರಾಹಕಿ

ಬಾಣಲೆಯಲ್ಲಿ ಮೀನಿನ ವಡೆ ಕೆಂಪಗಾಗುತ್ತಿದ್ದಾಗ ಗುನ್ವೋರಳ ಫೋನು ಸದ್ದು ಮಾಡಿತು. ಕೈಯೆಲ್ಲ ಹಿಟ್ಟು. ಮೊಣಕೈಯಿಂದ ಫೋನನ್ನು ಕಿಟಕಿಯ ಬೆಳಕಿಗೆ ತಳ್ಳಿ ಬಗ್ಗಿ ಓದಿದಳು. ಗುರುತಿಲ್ಲದ ನಂಬರು.

‘ಅಮ್ಮ, ನನ್ನ ಫೋನ್ ನೀರಿಗೆ ಬಿತ್ತು. ಇದು ಬೇರೆ ನಂಬರು. ಸ್ವಲ್ಪ ದುಡ್ಡು ಬೇಕಿತ್ತು, ಇವತ್ತೇ. ಈ ನಂಬರಿಗೇ ಕಳಿಸು. ಅಪ್ಪನಿಗೆ ಹೇಳಬೇಡ. ಅಜ್ಜಿ ಕಾಲು ಹೇಗಿದೆ?’

ಅವಳು ಓದಿದಳು, ವಡೆ ಮಗುಚಿದಳು, ಮತ್ತೆ ಓದಿದಳು. ಒಂದು ವಡೆ ಕರಿಯಾಯಿತು.

‘ಸಿನ್ನೆ, ಸ್ವಲ್ಪ ಕೆಳಗೆ ಬಾ.’

ಮಗಳು ಸಿನ್ನೆ ಉಣ್ಣೆ ಕಾಲುಚೀಲದಲ್ಲೇ ಮೆಟ್ಟಿಲು ಇಳಿದು ಬಂದಳು. ಅವಳು ಸ್ಕಾರ್ವಿಕ ಉಳಿತಾಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಊರಿನ ಬ್ಯಾಂಕು, ಒಂದು ಕೌಂಟರು, ಒಂದು ಕಾಫಿ ಯಂತ್ರ, ಕಿಟಕಿಯಲ್ಲಿ ಒಂದು ಹೂಕುಂಡ. ಫೋನು ನೋಡಿ ಅವಳು ನಕ್ಕೇಬಿಟ್ಟಳು.

‘ಅಮ್ಮ, ಇದು ನಮ್ಮ ಬ್ಯಾಂಕಿನ ಗೋಡೆ ಮೇಲೆ ಅಂಟಿಸಿರೋದೇ. ಹೊಸ ನಂಬರು, ಇವತ್ತೇ ಬೇಕು, ಯಾರಿಗೂ ಹೇಳಬೇಡ. ಮೂರಕ್ಕೆ ಮೂರೂ ಇದೆ. ಪರೀಕ್ಷೆಗೆ ಬರೆದ ಹಾಗಿದೆ.’

‘ಅಜ್ಜಿ ಕಾಲು ಅಂತ ಬರ್ದಿದಾನಲ್ಲ.’

‘ಇಡೀ ನಾರ್ವೆಯಲ್ಲಿ ಕಾಲು ನೋಯದ ಅಜ್ಜಿ ಯಾರಿದಾರೆ ಹೇಳು. ಸುಮ್ನೆ ಕಲ್ಲು ಎಸೀತಾರೆ ಅಮ್ಮ, ಯಾರಿಗೋ ತಗಲತ್ತೆ.’

‘ಯೋಸ್ತೈನ್ ಇರಬಹುದಾ ಅಂತ…’

‘ಹಾಗಾದ್ರೆ ಅವನ ಹಳೇ ನಂಬರಿಗೆ ಫೋನ್ ಮಾಡು. ಅದೇ ನಿಯಮ.’

ಗುನ್ವೋರ್ ಕೈ ಒರೆಸಿಕೊಂಡು ಮಗನ ಹಳೇ ನಂಬರಿಗೆ ಮಾಡಿದಳು. ಅದು ಸ್ವಿಚ್ ಆಫ್ ಆಗಿತ್ತು.

‘ಹಡಗಿನ ಮೇಲೆ ಇರ್ತಾನೆ. ಅವನು ಯಾವಾಗ ತಾನೇ ಫೋನ್ ಎತ್ತಿದಾನೆ?’ ಎಂದಳು ಸಿನ್ನೆ.

ಅಷ್ಟರಲ್ಲಿ ಅದೇ ಹೊಸ ನಂಬರಿನಿಂದ ಕರೆ ಬಂತು. ಗುನ್ವೋರಳ ಕೈ ಮುಂದೆ ಹೋಯಿತು.

‘ಎತ್ತಬೇಡ. ಎತ್ತಿದ್ರೆ ಮಾತಲ್ಲೇ ಕಟ್ಟಿ ಹಾಕ್ತಾರೆ. ಈಗ ದನಿನೂ ನಕಲು ಮಾಡ್ತಾರೆ, ಗೊತ್ತಾ?’

ಇಬ್ಬರೂ ಒಲೆಯ ಪಕ್ಕ ನಿಂತು ಅದು ಹೊಡೆದುಕೊಳ್ಳುವುದನ್ನು ನೋಡಿದರು. ಫೋನು ಮೇಜಿನ ಮೇಲೆ ನಡುಗುತ್ತಾ ಆಲೂಗಡ್ಡೆಯ ಪಾತ್ರೆಯವರೆಗೂ ಹೋಗಿ ನಿಂತಿತು. ಸಿನ್ನೆ ಅದನ್ನು ಎತ್ತಿಕೊಂಡು ಬೆರಳಿನಿಂದ ಎರಡು ಸಲ ಒತ್ತಿ ಇನ್ನೇನೂ ಬಾರದ ಹಾಗೆ ಆ ನಂಬರಿಗೆ ಬಾಗಿಲು ಹಾಕಿ ವಾಪಸು ಕೊಟ್ಟಳು.

‘ಇನ್ನು ಇವನ ಕಾಟ ಇಲ್ಲ.’

ಊಟಕ್ಕೆ ನಾಲ್ಕು ಜನ. ಗುನ್ವೋರಳ ಗಂಡ ಒಡ್ಮುಂಡ್ ಬೂಟು ಬಿಚ್ಚಿಟ್ಟು ಬಂದು ಕುಳಿತ. ಮೊದಲು ಮೀನುಗಾರ, ಈಗ ಪಂಚಾಯಿತಿಯ ಹಿಮ ಎತ್ತುವ ಗಾಡಿ ಓಡಿಸುತ್ತಾನೆ. ಅವನ ತಾಯಿ ಓಲಾವಾ ಕೆಳಗಿನ ಕೋಣೆಯಿಂದ ಊರುಗೋಲು ಬಡಿಯುತ್ತಾ ಬಂದಳು. ಆಗಸ್ಟ್‌ನಲ್ಲಿ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ಅವಳ ಎಡಗಾಲು ಒಂದು ಕುರ್ಚಿ ಬೇಡುತ್ತಿತ್ತು, ಅವಳಿಗೆ ಇನ್ನೊಂದು.

ಸಿನ್ನೆ ಅಜ್ಜಿಯ ಕಾಲಿನ ಮಾತೊಂದನ್ನು ಬಿಟ್ಟು ನಡೆದದ್ದನ್ನು ಬಣ್ಣ ಕಟ್ಟಿ ಹೇಳಿದಳು. ಒಡ್ಮುಂಡ್ ಕರಗಿದ ಬೆಣ್ಣೆ ಸುರಿದುಕೊಳ್ಳುತ್ತಾ ಹೆಂಡತಿಯ ಕಡೆ ನೋಡಿದ.

‘ಪರವಾಗಿಲ್ಲ. ಕಡೆಗೂ ನಿನ್ನ ಬಾಯಲ್ಲಿ ಇಲ್ಲ ಅನ್ನೋ ಮಾತು ಬಂತು.’

‘ಊಟ ಮಾಡಿ.’

‘ಹೊಗಳಿದ್ರೂ ತಪ್ಪಾ?’

ಅದು ಹೊಗಳಿಕೆಯಲ್ಲ ಎಂದು ಮೇಜಿನ ಸುತ್ತ ಕುಳಿತ ಎಲ್ಲರಿಗೂ ಗೊತ್ತಿತ್ತು. ಯೋಸ್ತೈನ್ ಹದಿನಾರಕ್ಕೇ ಓದು ಬಿಟ್ಟವನು. ಅಪ್ಪ ಹಿಡಿದುಕೊಟ್ಟ ದೋಣಿಯ ಕೆಲಸವನ್ನೂ ವಸಂತದಲ್ಲಿ ಬಿಟ್ಟ. ಇದೇ ಮೇಜಿನ ಮೇಲೆ ಆಗ ಜಗಳವಾಗಿತ್ತು. ‘ಇನ್ನು ಮೇಲೆ ಈ ಮನೆ ಬಾಗಿಲಿಗೆ ಏನನ್ನೂ ಕೇಳ್ಕೊಂಡು ಬರಬೇಡ’ ಎಂದಿದ್ದ ಒಡ್ಮುಂಡ್. ಹುಡುಗ ಚೀಲ ಎತ್ತಿಕೊಂಡು ಉತ್ತರದ ಕಡೆ ಹೋಗಿ, ಸಾಕುಮೀನು ಸಾಗಿಸುವ ಹಡಗು ಹತ್ತಿದ. ಆಮೇಲೂ ಗುನ್ವೋರ್ ಕದ್ದು ಕದ್ದು ಅಷ್ಟಿಷ್ಟು ಕಳಿಸುತ್ತಿದ್ದಳು. ಬೇಸಿಗೆಯಲ್ಲಿ ಅದು ಗಂಡನಿಗೆ ಗೊತ್ತಾಗಿ, ಮನೆಯಲ್ಲಿ ವಾರಗಟ್ಟಲೆ ಪಾತ್ರೆಗಳೇ ಮಾತಾಡಿದವು. ಇನ್ನು ಕಳಿಸುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು.

ಓಲಾವಾ ಮೂಳೆ ತೆಗೆಯುವವಳ ಹಾಗೆ ವಡೆಯನ್ನು ಮುರಿದು ನೋಡುತ್ತಿದ್ದಳು.

‘ಕಳ್ಳರಾದ್ರೂ ನಿಮ್ಮನ್ನ ನೆನೆಸ್ಕೋತಾರೆ. ಆ ನನ್ನ ಮೊಮ್ಮಗ ನೋಡು. ಅಜ್ಜಿ ಬಿದ್ದಳು, ಕಾಲು ಹೇಗಿದೆ ಅಂತ ಒಂದು ಮಾತು? ಒಂದೇ ಒಂದು ಮಾತು?’

ಸಿನ್ನೆ ಕ್ಯಾರೆಟ್ ತುರಿ ಹಾಕಿಕೊಂಡಳು. ಗುನ್ವೋರ್ ಅತ್ತೆಯ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಇಟ್ಟಳು.

‘ನಾನು ಆಲೂಗಡ್ಡೆ ಕೇಳಲಿಲ್ಲ’ ಎಂದಳು ಓಲಾವಾ.

‘ತಿನ್ನಿ ಅತ್ತೆ. ಬಿಸಿ ಇದೆ.’

*

ಸ್ಕಾರ್ವಿಕದ ಬ್ಯಾಂಕು ಊರಿಗೆ ಒಳ್ಳೆಯದನ್ನೇ ಮಾಡುತ್ತಿತ್ತು. ಶಾಲೆಯ ಬ್ಯಾಂಡಿಗೆ ತುತ್ತೂರಿ ಕೊಟ್ಟಿತ್ತು, ಸಮುದಾಯ ಭವನಕ್ಕೆ ಹೊಸ ಛಾವಣಿ ಹಾಕಿಸಿತ್ತು. ಪ್ರತಿ ಸಲವೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿತ್ತು. ಆ ಫೋಟೋಗಳೆಲ್ಲ ‘ನಮ್ಮ ಬ್ಯಾಂಕು’ ಎಂಬ ಎಂಟು ಪುಟದ ಪತ್ರಿಕೆಯಲ್ಲಿ ಬಂದು, ಫ್ಯೋರ್ಡ್ ಎಂಬ ಕಡಲ ಚಾಚಿನ ಎರಡೂ ದಡದ ಅಂಚೆ ಪೆಟ್ಟಿಗೆಗಳಿಗೆ ಬೀಳುತ್ತಿದ್ದವು. ಪತ್ರಿಕೆ ಜೋಡಿಸುವ ಕೆಲಸ ಸಿನ್ನೆಯದು. ಕಡೆಯ ಪುಟ ಯಾವಾಗಲೂ ‘ನಿಮ್ಮ ಹಣ, ನಿಮ್ಮ ಎಚ್ಚರ’.

ಮ್ಯಾನೇಜರ್ ಟೂರ್ಗೈರ್ ಒಂದು ಶನಿವಾರ ಮನೆಗೇ ಬಂದ. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಬಾದಾಮಿ ಹಿಟ್ಟಿನ ಹೊದಿಕೆಯ ಕೇಕು. ಕೇಕಿನ ಮೇಲೆ ಬ್ಯಾಂಕಿನ ಗುರುತು ನೀಲಿ ಬಣ್ಣದಲ್ಲಿ.

‘ಇಂಥ ಗ್ರಾಹಕರಿದ್ರೆ ನಮಗೆ ಕೆಲಸವೇ ಇರಲ್ಲ ಗುನ್ವೋರ್ ಅವರೇ. ಕೇಕು ಸ್ವಲ್ಪ ಮೇಲೆ ಹಿಡೀರಿ. ನಗಿ.’

‘ನಾನೇನೂ ಮಾಡ್ಲಿಲ್ಲ. ಮಗಳು ಮಾಡಿದ್ದು.’

‘ಏನೂ ಮಾಡದೆ ಇರೋದೇ ದೊಡ್ಡ ವಿಷಯ. ಜನಕ್ಕೆ ಅದೇ ಬರಲ್ಲ.’

ಅವಳು ನಕ್ಕಳು. ಫೋಟೋ ಚೆನ್ನಾಗಿಯೇ ಬಂತು. ಕೆಳಗೆ ‘ಜಾಗರೂಕ ಗ್ರಾಹಕಿ’ ಎಂದು ದಪ್ಪ ಅಕ್ಷರ. ಪಕ್ಕದಲ್ಲಿ ಬೂದು ಚೌಕ, ‘ವಂಚಕರು ಹೀಗೆ ಬರೆಯುತ್ತಾರೆ’ ಎಂದು ಹೇಳಿ ಆ ಸಂದೇಶ. ಕಡೆಯ ಸಾಲು ಮಾತ್ರ ಇರಲಿಲ್ಲ.

ಪತ್ರಿಕೆ ಬಂದ ದಿನ ಗುನ್ವೋರ್ ಅದನ್ನು ಕಿಟಕಿಯ ಹತ್ತಿರ ಹಿಡಿದು ಓದಿದಳು.

‘ಅಜ್ಜಿ ಕಾಲಿನ ಮಾತು ಎಲ್ಲಿ?’

‘ಜಾಗ ಸಾಲಲಿಲ್ಲ’ ಎಂದಳು ಸಿನ್ನೆ.

‘ಒಂದು ಸಾಲು ಅದು.’

‘ಜಾಗ ಸಾಲಲಿಲ್ಲ ಅಮ್ಮ. ಅಲ್ದೆ ಅದು ಓದೋಕೆ… ವಂಚನೆ ತರ ಕಾಣ್ತಿರಲಿಲ್ಲ.’

ಹೇಳಿದ ಮೇಲೆ ಸಿನ್ನೆ ಕಾಫಿ ಲೋಟ ತೊಳೆಯಲು ಹೋದಳು. ಲೋಟದಲ್ಲಿ ಇನ್ನೂ ಕಾಫಿ ಇತ್ತು.

ಊರಲ್ಲಿ ಗುನ್ವೋರ್ ದೊಡ್ಡ ವ್ಯಕ್ತಿಯಾದಳು. ಅವಳು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಾ ಕತೆ ಹೇಳಬೇಕು. ಅಂಗಡಿಯ ಸಾಲಿನಲ್ಲಿ ಹೇಳಬೇಕು. ‘ನಾನಾಗಿದ್ರೆ ಕಳಿಸಿಬಿಡ್ತಿದ್ದೆ ಕಣೇ. ನಿನ್ನದು ಗಟ್ಟಿ ಮನಸ್ಸು’ ಎಂದಳು ಜತೆಯವಳೊಬ್ಬಳು. ಗುನ್ವೋರ್ ದಿಂಬಿನ ಚೀಲವನ್ನು ಒಳಗೆ ಹೊರಗೆ ಮಾಡಿ ಮತ್ತೆ ಮಡಿಸಿದಳು. ಮಧ್ಯಾಹ್ನ ಎಲ್ಲರೂ ರೊಟ್ಟಿ ತಿನ್ನಲು ಹೋದಾಗ ಯಂತ್ರದ ಸದ್ದಿನ ಮಧ್ಯೆ ನಿಂತು ಮಗನ ಹಳೇ ನಂಬರಿಗೆ ಮಾಡುತ್ತಿದ್ದಳು. ಅದು ಸ್ವಿಚ್ ಆಫ್ ಆಗಿಯೇ ಇರುತ್ತಿತ್ತು.

‘ಹಡಗಿನ ಕಂಪನಿಗೆ ಕೇಳೋಣವಾ?’ ಎಂದಳು ಒಂದು ಸಂಜೆ.

ಒಡ್ಮುಂಡ್ ಸಾಕ್ಸು ಒಲೆಯ ಮೇಲೆ ಒಣ ಹಾಕುತ್ತಿದ್ದ. ‘ಏನಂತ? ಅಮ್ಮನಿಗೆ ಫೋನ್ ಮಾಡೋಕೆ ಹೇಳಿ ಅಂತಾನಾ? ಮಗು ಅಲ್ಲ ಅವನು. ಬೇಕಾದಾಗ ಮಾಡ್ತಾನೆ.’

‘ಬೇಕಾಗೇ ಮಾಡಿದ್ದಿದ್ರೆ?’

‘ಏನು?’

‘ಏನಿಲ್ಲ.’

ಕೇಕಿನ ಅರ್ಧ ಇನ್ನೂ ಫ್ರೀಜರಿನಲ್ಲಿತ್ತು. ಭಾನುವಾರ ಅದನ್ನು ತೆಗೆದಾಗ ಓಲಾವಾ ಮಾತ್ರ ತಿಂದಳು. ‘ಬ್ಯಾಂಕಿನವರ ಕೇಕು. ಬಡ್ಡಿ ಕಮ್ಮಿ, ಸಕ್ಕರೆ ಜಾಸ್ತಿ’ ಎಂದಳು. ಆಮೇಲೆ ಕಾಲು ಕುರ್ಚಿಗೆ ಏರಿಸಿ ಮೊಮ್ಮಗನಿಗೆ ಬೈಯಲು ಶುರು ಮಾಡಿದಳು. ಗುನ್ವೋರ್ ಎದ್ದು ಹಿತ್ತಿಲಿಗೆ ಹೋಗಿ ಸೌದೆ ತಂದಳು. ಒಲೆಯ ಪಕ್ಕ ಆಗಲೇ ಸೌದೆ ತುಂಬಿತ್ತು.

*

ನವೆಂಬರ್ ಕಡೆಯ ಒಂದು ಗುರುವಾರ ಬ್ಯಾಂಕಿಗೆ ಒಬ್ಬ ಹೆಂಗಸು ಬಂದಳು. ಅಗಲ ಭುಜ, ಮೀನಿನ ವಾಸನೆಯ ಜಾಕೀಟು. ಮಡಿಸಿದ ‘ನಮ್ಮ ಬ್ಯಾಂಕು’ ಪತ್ರಿಕೆಯನ್ನು ಕೌಂಟರಿನ ಮೇಲೆ ಬಿಡಿಸಿ ಅಂಗೈಯಿಂದ ಸವರಿದಳು.

‘ಹೇಳಿ, ಏನಾಗಬೇಕಿತ್ತು?’ ಎಂದಳು ಸಿನ್ನೆ.

‘ನಾನು ವಂಚಕಿ.’

‘ಏನಂದ್ರಿ?’

‘ಇದು.’ ಬೂದು ಚೌಕದ ಮೇಲೆ ಬೆರಳು. ‘ಇದು ನನ್ನ ಫೋನಿಂದ ಹೋಗಿದ್ದು. ಹಾಮ್‌ನೆಸ್ ಬಂದರಲ್ಲಿ ನನ್ನದೊಂದು ಊಟದ ಮನೆ ಇದೆ. ನಾನು ಹುಟ್ಟಿದ್ದು ಎದುರು ದಡ, ಖಾತೆ ಇನ್ನೂ ಇಲ್ಲೇ ಇದೆ, ಅದಕ್ಕೇ ನಿಮ್ಮ ಕಾಗದ ನನಗೂ ಬರತ್ತೆ. ನಿಮ್ಮ ಈ ವಂಚಕ ನನ್ನ ಅಡುಗೆಮನೇಲಿ ಕೂತಿದ್ದ. ಮೊಣಕಾಲಿನ ತನಕ ಒದ್ದೆ. ಮೀನಿನ ಸಾರು ಕುಡೀತಿದ್ದ.’

ಅವಳ ಹೆಸರು ಸೋಲ್‌ಫ್ರಿಡ್. ಕಾಫಿ ಯಂತ್ರದ ಹತ್ತಿರ ನಿಂತಿದ್ದ ಇಬ್ಬರು ಮುದುಕರು ಲೋಟ ಹಿಡಿದುಕೊಂಡೇ ತಿರುಗಿದರು.

‘ಹಡಗಿನ ನಾಯಕನ ಜತೆ ಜಗಳ ಆಯ್ತಂತೆ. ಇಳಿಯೋವಾಗ ಫೋನು ಹಡಗಿಗೂ ಕಟ್ಟೆಗೂ ಮಧ್ಯೆ ಬಿತ್ತಂತೆ. ಊರಿಗೆ ಹೋಗ್ತೀನಿ, ಬಸ್ಸಿಗೆ ದುಡ್ಡಿಲ್ಲ ಅಂದ. ನಾನು ಕೊಡ್ತೀನಿ ಕಣೋ ಅಂದೆ. ಬೇಡ, ಅಮ್ಮ ಕಳಿಸ್ತಾಳೆ ಅಂದ. ಅಮ್ಮನ ನಂಬರು ಒಂದೇ ಬಾಯಿಗೆ ಬರೋದು ಅಂದ. ಫೋನು ಎದುರಿಗಿಟ್ಕೊಂಡು ಕೂತ. ಸಾರು ಆರಿಹೋಯ್ತು. ಆಮೇಲೆ ತಾನೇ ಕರೆ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ, ಹೋಗಲೇ ಇಲ್ಲ. ಅಮ್ಮನಿಗೆ ಕೆಲಸ ಇರಬೇಕು ಅಂದ. ಎಷ್ಟು ಮರ್ಯಾದಸ್ಥ ವಂಚಕ ನೋಡಿ, ಹೋಗೋವಾಗ ತಟ್ಟೆ ತೊಳೆದಿಟ್ಟು ಹೋದ.’

‘ಈಗ ಎಲ್ಲಿದಾನೆ?’ ಸಿನ್ನೆ ಕೇಳಿದಳು.

‘ನನ್ನ ತಮ್ಮನ ಬಲೆ ಮನೇಲಿ. ಬಲೆ ಹೊಲೀತಾನೆ, ಅಟ್ಟದ ಮೇಲೆ ಮಲಗ್ತಾನೆ. ಮಾತು ಕಮ್ಮಿ. ಈ ಕಾಗದ ಅವನೂ ನೋಡಿದಾನೆ.’ ಅವಳು ಸಿನ್ನೆಯ ಎದೆಯ ಮೇಲಿನ ಹೆಸರು ಓದಿದಳು. ಮತ್ತೆ ಪತ್ರಿಕೆಯ ಫೋಟೋದ ಕೆಳಗಿನ ಹೆಸರು ಓದಿದಳು. ದನಿ ಇಳಿಯಿತು. ‘ನೀನು ತಂಗೀನಾ?’

‘ಅಕ್ಕ.’

‘ಹಾಗಿದ್ರೆ ಒಂದು ಕೇಳ್ತೀನಿ. ಅವನು ಅಜ್ಜಿ ಬಗ್ಗೆನೂ ಏನೋ ಬರ್ದಿದ್ದ. ಅದನ್ನ ಯಾಕೆ ತೆಗೆದ್ರಿ?’

ಸಿನ್ನೆ ಒಳಗೆ ಹೋಗಿ ಮ್ಯಾನೇಜರಿಗೆ ಎಲ್ಲ ಹೇಳಿದಳು. ಟೂರ್ಗೈರ್ ಕನ್ನಡಕ ತೆಗೆದು ಒರೆಸಿದ.

‘ಪಾಪ. ಬೇಜಾರಿನ ವಿಷಯ.’

‘ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕು ಸಾರ್.’

‘ಏನಂತ ಹಾಕೋದಮ್ಮ? ಸಲಹೆ ತಪ್ಪಿಲ್ವಲ್ಲ. ಸಲಹೆ ಸರಿಯಾಗೇ ಇದೆ. ನಾಳೆ ನಿಜವಾದ ಕಳ್ಳ ಬರೀತಾನೆ, ಆಗ ಜನಕ್ಕೆ ಗೊಂದಲ ಆಗತ್ತೆ. ಅಲ್ಲದೆ ನಿನ್ನ ಮನೆ ವಿಷಯ ಊರಿಗೆಲ್ಲ ಯಾಕೆ?’ ಕನ್ನಡಕ ಹಾಕಿಕೊಂಡ. ‘ಅಂದ ಹಾಗೆ, ಡಿಸೆಂಬರ್ ಸಂಜೆ ಕಾರ್ಯಕ್ರಮದಲ್ಲಿ ಅಮ್ಮ ಎರಡು ಮಾತಾಡ್ತಾರೆ ತಾನೇ? ಕ್ರಿಸ್‌ಮಸ್ಸಿನ ಹಾಲು ಗಂಜಿ ಊಟ ಇದೆ. ಕರಪತ್ರ ಆಗಲೇ ಅಚ್ಚಾಗಿದೆ.’

ಸಲಹೆ ಸರಿಯಾಗಿಯೇ ಇತ್ತು. ಅದೇ ಕೋಪ ಬರಿಸುವ ಮಾತು. ಈಗ ಒಂದು ಫೋನು ನೀರಿಗೆ ಬಿದ್ದರೆ ಮನುಷ್ಯನೇ ನೀರಿಗೆ ಬಿದ್ದಂತೆ. ಬಸ್ಸಿನ ಚೀಟಿ ಅದರಲ್ಲಿ, ಬ್ಯಾಂಕಿನ ಬೀಗದ ಕೈ ಅದರಲ್ಲಿ, ನಾನು ನಾನೇ ಎನ್ನುವುದಕ್ಕೆ ಸಾಕ್ಷಿಯೂ ಅದರಲ್ಲಿ. ಹಾಗೆ ಮಾಡಿ ಇಟ್ಟವರು ಯಾರು? ಗೋಡೆಗೆ ಚಿತ್ರ ಅಂಟಿಸಿ ಬುದ್ಧಿ ಹೇಳುವವರೇ. ಬಿದ್ದವನು ಕೈ ಚಾಚಿದರೆ ಅದು ಕಳ್ಳನ ಕೈ ಎಂದು ಕಲಿಸಿದವರೂ ಅವರೇ. ಕಲಿತವರಿಗೆ ಕೇಕು.

*

ಸಿನ್ನೆ ಆ ದಿನ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಊಟದ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದಳು. ‘ಪ್ರೀತಿ ಗೀತಿ ಏನಾದ್ರೂ?’ ಎಂದು ಓಲಾವಾ ಕೆಣಕಿದಳು. ಭಾನುವಾರ ಕುರಿಮಾಂಸ ಎಲೆಕೋಸಿನ ದೊಡ್ಡ ಪಾತ್ರೆ ಮೇಜಿಗೆ ಬಂತು. ಎಲ್ಲರ ತಟ್ಟೆ ತುಂಬಿದ ಮೇಲೆ ಓಲಾವಾ ಕಾಲನ್ನು ಕುರ್ಚಿಗೆ ಏರಿಸಿದಳು.

‘ಕ್ರಿಸ್‌ಮಸ್ ಬಂತು. ಈ ಕಾಲು ಹೀಗೇ ಇದೆ. ಆ ಹುಡುಗನಿಗೆ…’

‘ಕೇಳಿದ್ದ ಅಜ್ಜಿ’ ಎಂದಳು ಸಿನ್ನೆ.

‘ಏನು?’

‘ನಿನ್ನ ಕಾಲು ಹೇಗಿದೆ ಅಂತ ಕೇಳಿದ್ದ. ಅಕ್ಟೋಬರ್‌ನಲ್ಲೇ. ಅದು ಕಳ್ಳ ಅಲ್ಲ. ಯೋಸ್ತೈನ್.’

ಅವಳು ಎಲ್ಲವನ್ನೂ ಹೇಳಿದಳು. ಹಾಮ್‌ನೆಸ್, ಸಾರು, ಬಲೆ ಮನೆ. ಪಾತ್ರೆಯ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟತೊಡಗಿತು.

‘ನಾನೇ ಆ ನಂಬರಿಗೆ ಬಾಗಿಲು ಹಾಕಿದ್ದು. ನಾನೇ ಆ ಸಾಲು ತೆಗೆದಿದ್ದು. ಅದನ್ನ ಓದಿದಾಗ ನನಗೆ ಅನುಮಾನ ಬಂತು, ಅದಕ್ಕೇ ತೆಗೆದೆ. ಅಮ್ಮನಿಗೆ ಏನೂ ಗೊತ್ತಿರಲಿಲ್ಲ.’

‘ಗೊತ್ತಿತ್ತು’ ಎಂದಳು ಗುನ್ವೋರ್.

ಅವಳು ಸೌಟನ್ನು ಪಾತ್ರೆಯಲ್ಲಿಟ್ಟಳು.

‘ಅಪ್ಪನಿಗೆ ಹೇಳಬೇಡ ಅಂತ ಬರ್ದಿದ್ನಲ್ಲ. ಯಾವಾಗಲೂ ಹಾಗೇ ಬರೀತಿದ್ದ ಅವನು, ಹತ್ತು ವರ್ಷದಿಂದ. ಕಾಲಿನ ವಿಷಯ ನಾನೇ ಅವನಿಗೆ ಹೇಳಿದ್ದೆ. ಓದಿದ ತಕ್ಷಣ ಗೊತ್ತಾಯ್ತು. ಆಮೇಲೆ ನೀನು ಬಂದು ಕಳ್ಳ ಅಂದೆ. ನನಗೆ ಹಾಯಾಯ್ತು, ಸಿನ್ನೆ. ಮತ್ತೆ ಕದ್ದು ಕಳಿಸಿ, ಮತ್ತೆ ಇವರ ಹತ್ರ ಮಾತು ಕೇಳಿ… ಬೇಡವಾಗಿತ್ತು. ಬ್ಯಾಂಕೇ ಹೇಳತ್ತೆ ಬೇಡ ಅಂತ. ಸರಿ ಅಂದೆ. ಕೇಕು ಹಿಡ್ಕೊಂಡು ನಕ್ಕೆ.’

ಒಡ್ಮುಂಡ್ ತಟ್ಟೆಯಲ್ಲಿನ ಮೂಳೆಯನ್ನು ಅಂಚಿಗೆ ತಳ್ಳಿದ. ‘ಹೇಳಬಹುದಿತ್ತಲ್ಲ ನನಗೆ.’

‘ನಿಮಗಾ?’ ಗುನ್ವೋರ್ ದನಿ ಏರಿಸಲಿಲ್ಲ. ‘ಹೇಳಿದ್ರೆ ಏನಂತಿದ್ರಿ?’

ಅವನು ಯೋಚಿಸಿದ. ಸುಳ್ಳು ಹೇಳಲು ಬಾರದ ಮನುಷ್ಯ. ‘ಕಳಿಸಬೇಡ ಅಂತಿದ್ದೆ’ ಎಂದ.

‘ಮತ್ತೆ?’

ಅವನು ಎದ್ದು ಬೂಟು ಹಾಕಿಕೊಂಡು ಹೊರಗೆ ಹೋದ. ಮನೆಗೆ ಬರುವ ಏರು ದಾರಿಗೆ, ಹಿಮದಲ್ಲಿ ಕಾಲು ಜಾರದ ಹಾಗೆ, ಮರಳು ಎರಚುವ ಸದ್ದು ಕೇಳಿಸಿತು. ಬೆಳಿಗ್ಗೆಯೇ ಒಂದು ಸಲ ಎರಚಿದ್ದ.

ಓಲಾವಾ ಇಷ್ಟು ಹೊತ್ತು ತನ್ನ ಕಾಲನ್ನೇ ನೋಡುತ್ತಿದ್ದಳು.

‘ಒಂದೂವರೆ ತಿಂಗಳಿಂದ ಬೈದಿದೀನಿ ಆ ಹುಡುಗನಿಗೆ’ ಎಂದಳು. ‘ನೀವಿಬ್ಬರೂ ಎದುರಿಗೆ ಕೂತು ಆಲೂಗಡ್ಡೆ ಬಡಿಸಿದ್ರಿ.’

‘ಅತ್ತೆ…’

‘ಆಲೂಗಡ್ಡೆ ಬಡಿಸಿದ್ರಿ ಕಣೇ ನನಗೆ.’ ಊರುಗೋಲು ಎಳೆದುಕೊಂಡಳು. ‘ಕಾರು ಯಾವಾಗ ತೆಗೀತೀಯ?’

‘ನಾಳೆ ನಾನು ಹೋಗಿ ಬರ್ತೀನಿ. ದೂರ ಇದೆ, ಎರಡು ಫೆರಿ ದಾಟಬೇಕು. ನೀವು…’

‘ಅವನು ನಿನ್ನ ಕ್ಷೇಮ ಕೇಳಿಲ್ಲ. ನನ್ನ ಕಾಲು ಕೇಳಿದಾನೆ. ಕಾಲು ಹೋಗತ್ತೆ. ಬೇಕಾದ್ರೆ ನೀನೂ ಬಾ.’

*

ಓಲಾವಾ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿ ರಾಣಿಯ ಹಾಗೆ ಕುಳಿತಳು. ಫೆರಿಯಲ್ಲಿ ಕಾರಿನಿಂದ ಇಳಿಯಲು ಒಪ್ಪಲಿಲ್ಲ. ಗುನ್ವೋರ್ ಮೇಲಿನ ಅಂತಸ್ತಿನ ಅಂಗಡಿಯಿಂದ ಅವಳಿಗೆ ದೋಸೆಯಂಥ ವಾಫಲು, ಕಂದು ಚೀಸು ತಂದುಕೊಟ್ಟಳು. ಅವಳು ಸೀಟಿನ ತುಂಬ ಪುಡಿ ಉದುರಿಸಿ ತಿಂದಳು. ಇಡೀ ದಾರಿಯಲ್ಲಿ ಸೊಸೆಯ ಜತೆ ಒಂದೇ ಮಾತು: ‘ಹೀಟರ್ ಹೆಚ್ಚು ಮಾಡು.’

ಬಲೆ ಮನೆ ಕಟ್ಟೆಯ ತುದಿಯಲ್ಲಿತ್ತು. ಒಳಗೆ ಟಾರಿನ ವಾಸನೆ. ಯೋಸ್ತೈನ್ ಸ್ಟೂಲಿನ ಮೇಲೆ ಕುಳಿತು ಹಸಿರು ಬಲೆಯೊಂದನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಯುತ್ತಿದ್ದ. ಗಡ್ಡ ಬಂದಿತ್ತು. ಬಾಗಿಲ ಸದ್ದಿಗೆ ತಲೆ ಎತ್ತಿ ಅಮ್ಮನನ್ನು ನೋಡಿದ. ಸೂಜಿ ಕೆಳಗಿಡಲಿಲ್ಲ.

‘ಯಾರು ಬೇಕಿತ್ತು?’

‘ಯೋಸ್ತೈನ್…’

‘ನೀವು ನಮ್ಮಮ್ಮನೇ ಅಂತ ನಾನು ಹೇಗೆ ನಂಬಲಿ? ಮೊದಲು ಖಾತ್ರಿ ಮಾಡ್ಕೋಬೇಕಂತೆ. ಹಳೇ ನಂಬರಿಗೆ ಫೋನ್ ಮಾಡಿ ನೋಡ್ಲಾ?’

ಗುನ್ವೋರ್ ಬಾಗಿಲಲ್ಲೇ ನಿಂತಳು. ಹಿಂದೆ ಊರುಗೋಲು ಬಡಿಯುತ್ತಾ ಬಂದ ಓಲಾವಾ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದಳು.

‘ಲೋ, ಸರಿಯೋ. ಆ ಸ್ಟೂಲು ಕೊಡು ಇಲ್ಲಿ.’

ಅವನು ಎದ್ದೇಬಿಟ್ಟ. ಅವಳು ಕುಳಿತು, ಕಾಲನ್ನು ಬಲೆಯ ರಾಶಿಯ ಮೇಲಿಟ್ಟು, ಪಾವಡೆಯ ಅಂಚು ಎತ್ತಿ, ಉಣ್ಣೆಯ ಕಾಲುಚೀಲವನ್ನು ಕೆಳಕ್ಕೆ ಸುತ್ತಿದಳು. ಪಾದದ ಗಂಟು ಇನ್ನೂ ಊದಿಕೊಂಡೇ ಇತ್ತು.

‘ಕೇಳಿದ್ಯಲ್ಲ. ನೋಡು. ಹೀಗಿದೆ.’

ಅವನು ನೋಡಿದ. ಮಂಡಿಯೂರಿ ಬೆರಳಿಂದ ಮೆಲ್ಲಗೆ ಒತ್ತಿದ.

‘ಡಾಕ್ಟರಿಗೆ ತೋರಿಸಿದ್ಯಾ ಇದನ್ನ?’

‘ತೋರಿಸಿದ್ದೆ. ಕಾಲು ಮೇಲಿಡಿ ಅಂದ. ಅಷ್ಟಕ್ಕೆ ಓದಬೇಕಾ?’

‘ನೀನು ಸುಮ್ನೆ ಓಡಾಡಿರ್ತೀಯ.’

‘ಯಾರಿಗೆ ಹೇಳ್ತೀಯೋ? ನನ್ನನ್ನ ಯಾರು ಕೇಳ್ತಾರೆ ಆ ಮನೇಲಿ?’

ಅವನ ಬಾಯಿಯ ಒಂದು ಕೊನೆ ಅಲುಗಿತು. ಗುನ್ವೋರ್ ಇನ್ನೂ ಬಾಗಿಲಲ್ಲೇ ಇದ್ದಳು. ಅವಳು ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳೆಲ್ಲ ಕಾರಿನಲ್ಲೇ ಉಳಿದಿದ್ದವು.

‘ನನಗೆ ಗೊತ್ತಿತ್ತು ನೀನೇ ಅಂತ’ ಎಂದಳು.

ಅವನು ಅಜ್ಜಿಯ ಕಾಲುಚೀಲವನ್ನು ಮೇಲಕ್ಕೆ ಎಳೆದು ಸರಿ ಮಾಡಿದ. ‘ಗೊತ್ತಿರಲಿಲ್ಲ ಅಂತಾನೇ ಅಂದ್ಕೊಂಡಿದ್ದೆ ನಾನು. ಅದೇ ಚೆನ್ನಾಗಿತ್ತು.’

ಹೊರಗೆ ಕಡಲಕ್ಕಿಗಳು ಕೂಗಾಡುತ್ತಿದ್ದವು. ಗುನ್ವೋರ್ ಫೋನು ತೆಗೆದು ಅವನ ಕಡೆ ಹಿಡಿದಳು. ‘ಆ ನಂಬರು ಇನ್ನೂ ಮುಚ್ಚೇ ಇದೆ. ತೆಗೆಯೋದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ. ಸಿನ್ನೆನ ಕೇಳೋಕೆ…’

‘ನಾಚಿಕೆ ಆಯ್ತಾ?’

‘ಹೂಂ.’

ಅವನು ಫೋನು ತೆಗೆದುಕೊಂಡ. ಮುಚ್ಚಿದ ನಂಬರುಗಳ ಪಟ್ಟಿಯಲ್ಲಿ ಇದ್ದದ್ದು ಅದೊಂದೇ. ಅದನ್ನು ಎರಡು ಸಲ ಓದಿದ. ಆಮೇಲೆ ಒತ್ತಿ ತೆಗೆದು ವಾಪಸು ಕೊಟ್ಟ.

‘ಅದು ಸೋಲ್‌ಫ್ರಿಡ್ ಅವರದು. ನನ್ನದು ಇನ್ನೂ ತಗೊಂಡಿಲ್ಲ.’

‘ಕ್ರಿಸ್‌ಮಸ್‌ಗೆ ಬರ್ತೀಯಾ?’

‘ಅಪ್ಪ ಹೇಳಿದ್ರಾ?’

‘ದಿನಾ ದಾರಿಗೆ ಮರಳು ಹಾಕ್ತಾರೆ.’

‘ಅದು ಅವರ ಕೆಲಸ.’

‘ನಮ್ಮ ಮನೆ ದಾರಿ ಅವರ ಕೆಲಸ ಅಲ್ಲ.’

ಅವನು ಸೂಜಿಗೆ ದಾರ ಸುತ್ತತೊಡಗಿದ. ‘ನೋಡೋಣ’ ಎಂದ. ಅಜ್ಜಿಯನ್ನು ತೋಳು ಹಿಡಿದು ಕಾರಿನವರೆಗೆ ನಡೆಸಿದ, ಕಾಲಿನ ಕೆಳಗೆ ಹಳೇ ಬಲೆಯನ್ನು ದಿಂಬಿನ ಹಾಗೆ ಮಡಿಸಿ ಇಟ್ಟ. ಅಮ್ಮನ ಕಡೆಯ ಬಾಗಿಲನ್ನು ಅವಳೇ ತೆಗೆದುಕೊಂಡಳು.

*

ಬ್ಯಾಂಕಿನ ಗಂಜಿ ಊಟದ ಸಂಜೆ ಗುನ್ವೋರ್ ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಲು ಟೂರ್ಗೈರ್ ಸಿನ್ನೆಗೆ ಹೇಳಿಕೊಟ್ಟ. ಸಿನ್ನೆ ವೇದಿಕೆಯ ಮೇಲೆ ನಿಂತು ‘ಅಮ್ಮನ ಮೈ ಸರಿಯಾಗೇ ಇದೆ. ಆ ಸಂದೇಶ ನನ್ನ ತಮ್ಮನದು’ ಎಂದು ಹೇಳಿ ಇಳಿದು ಬಂದಳು. ಜನ ಗಂಜಿಯ ಮೇಲೆ ದಾಲ್ಚಿನ್ನಿ ಉದುರಿಸಿಕೊಂಡು ತಿಂದರು. ಮಾರನೆಯ ದಿನದಿಂದ ಅಂಗಡಿಯ ಸಾಲಿನಲ್ಲಿ ಗುನ್ವೋರಳನ್ನು ಯಾರೂ ಕತೆ ಕೇಳಲಿಲ್ಲ. ಹವಾಮಾನದ ಬಗ್ಗೆ ಮಾತಾಡಿದರು.

ಕ್ರಿಸ್‌ಮಸ್ಸಿಗೆ ಕೆಲವೇ ದಿನ ಇದ್ದಾಗ, ಗುನ್ವೋರ್ ಆಲೂಗಡ್ಡೆ ಹಿಟ್ಟಿನ ತೆಳು ರೊಟ್ಟಿ ಲಟ್ಟಿಸುತ್ತಿದ್ದಳು. ಒಡ್ಮುಂಡ್ ಕಾವಲಿಯ ಮೇಲಿನದನ್ನು ಕೋಲಿನಿಂದ ತಿರುಗಿಸುತ್ತಿದ್ದ. ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ರೊಟ್ಟಿ ಮಡಿಸುತ್ತಿದ್ದ ಸಿನ್ನೆ ಬಾಯಿ ತೆರೆದಳು, ಮುಚ್ಚಿದಳು.

ಗುನ್ವೋರ್ ಹಿಟ್ಟಿನ ಕೈಯಲ್ಲೇ ಎತ್ತಿದಳು. ಈಗೀಗ ಅವಳು ಎಲ್ಲವನ್ನೂ ಎತ್ತುತ್ತಾಳೆ.

‘ಹಲೋ. ಹೇಳು. ನಾನೇ.’

ಆ ಕಡೆ ಒಂದು ಎಳೆಯ ಗಂಡು ದನಿ ಗಡಿಬಿಡಿಯಲ್ಲಿ ಏನೋ ಹೇಳತೊಡಗಿತು. ವಿದ್ಯುತ್ತಿನ ಒಪ್ಪಂದ, ಈ ವಾರ ಮಾತ್ರ ಕಡಿಮೆ ದರ. ಒಡ್ಮುಂಡ್ ಕೋಲು ಎತ್ತಿ ಹಿಡಿದು ನಿಂತಿದ್ದ. ಕಾವಲಿಯ ಮೇಲೆ ರೊಟ್ಟಿ ಹೊಗೆಯಾಡಿತು. ಗುನ್ವೋರ್ ಫೋನು ಇಡಲಿಲ್ಲ.

‘ನಿನ್ನದು ಯಾವ ಊರಪ್ಪ?… ಹೌದಾ. ಊಟ ಆಯ್ತಾ?’

‘ಯಾರೇ ಅದು?’ ಕೆಳಗಿನ ಕೋಣೆಯಿಂದ ಓಲಾವಾ ಕೂಗಿದಳು.

ಗುನ್ವೋರ್ ಫೋನನ್ನು ಎದೆಗೆ ಒತ್ತಿಕೊಂಡಳು. ‘ಯಾರೋ ಹುಡುಗ, ಅತ್ತೆ.’

‘ನನ್ನ ಕಾಲು ಹೇಗಿದೆ ಅಂತ ಕೇಳಿದ್ನಾ?’

‘ಇಲ್ಲ.’

‘ಹಾಗಾದ್ರೆ ಇಡು. ಅವನಲ್ಲ.’